ಬೇವಿನ ನೆರಳು, ಗ್ರೀಕರ ಗಡಿಗೆ

ಮುದ್ದೇಬಿಹಾಳದ ವಾರದ ಸಂತೆಯಲ್ಲಿ ಗಡಿಗೆ ಮಾರುವವರ ಸಾಲಿಗೆ ನೆರಳಿರುವುದು ಒಂದೇ ಕಡೆ, ಬೇವಿನ ಗಿಡದ ಬುಡದಲ್ಲಿ. ಆ ಜಾಗ ನನ್ನದು. ನನಗಿಂತ ಮೊದಲು ನನ್ನ ಅಪ್ಪನದು. ಹಾಗೆಂದು ಯಾವ ಕಾಗದದಲ್ಲೂ ಬರೆದಿಲ್ಲ, ಆದರೆ ಅಪ್ಪ ತೀರಿಕೊಂಡ ವಾರ ಅಲ್ಲಿ ಯಾರೂ ಕೂರದೆ ಖಾಲಿ ಬಿಟ್ಟಿದ್ದರು. ಅಂಥ ಜಾಗವನ್ನು ನಾನು ಒಂದು ದಿನ ಮಾತಿನ ಭರದಲ್ಲಿ ಪಣಕ್ಕಿಟ್ಟೆ. ಎಂದೂ ಕಾಣದ ಗ್ರೀಕ್ ಕುಂಬಾರನೊಬ್ಬನ ಎದುರು ಇಟ್ಟೆ ಎಂದರೂ ಸರಿಯೇ.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಅದಕ್ಕೆ ನಾಚಿಕೆಯೇನಿಲ್ಲ. ಕೈಗೆ ಬಂದ ಕೆಲಸವನ್ನು ಮೈಗಳ್ಳತನವಿಲ್ಲದೆ ಮಾಡಿದ್ದೇನೆ. ಬಸವನ ಬಾಗೇವಾಡಿಯಲ್ಲಿ ಬೇಸಗೆಗೆ ಅರವಟ್ಟಿಗೆ ಇಡುವವರು ನೀರಿನ ಹರವಿಗಳನ್ನು ನನ್ನಿಂದಲೇ ಒಯ್ಯುತ್ತಾರೆ. ಇಂಡಿ ಕಡೆಯ ನಿಂಬೆ ತೋಟದವರೂ ಹೇಳಿ ಕಳಿಸುತ್ತಾರೆ. ಆಲಮಟ್ಟಿಯ ಹಿನ್ನೀರು ನಮ್ಮ ಹಳೆಯ ಊರನ್ನೂ ಮಣ್ಣು ತೆಗೆಯುತ್ತಿದ್ದ ತಗ್ಗನ್ನೂ ನುಂಗಿದಾಗ ನಮ್ಮವರಲ್ಲಿ ಎಷ್ಟೋ ಜನ ತಿಗರಿ ಬಿಚ್ಚಿಟ್ಟು ಬೇರೆ ಕೆಲಸ ಹಿಡಿದರು. ನಾನು ಬಿಡಲಿಲ್ಲ. ಬೇಸಗೆಯಲ್ಲಿ ನೀರು ಹಿಂದೆ ಸರಿದಾಗ ಉಳಿಯುವ ಮೆಕ್ಕಲು ಮಣ್ಣನ್ನು ಹೊತ್ತು ತಂದೆ, ತಿಗರಿ ತಿರುಗುತ್ತಲೇ ಇತ್ತು.

ಆ ಸಂತೆಯ ದಿನ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಅಕ್ಕೋರು ಹರವಿ ಕೊಳ್ಳಲು ಬಂದಿದ್ದರು. ಸಿಂದಗಿ ಕಡೆಯವರು, ಸಣ್ಣ ವಯಸ್ಸು. ಹರವಿಯನ್ನು ಬೆರಳ ಗೆಣ್ಣಿನಿಂದ ಬಡಿದು, ದನಿ ಕೇಳಿ ಮೆಚ್ಚಿದರು. ಆಮೇಲೆ ಏನೋ ನೆನಪಾದವರಂತೆ ಮೊಬೈಲು ತೆಗೆದು ಒಂದು ಚಿತ್ರ ತೋರಿಸಿದರು.

“ಕಾಕಾ, ನೀವು ಇಂಥಾದ್ದು ಮಾಡ್ತೀರೇನು?”

ಕೆಂಪು ಗಡಿಗೆ. ಅದರ ಹೊಟ್ಟೆಯ ಸುತ್ತ ಹೆಂಗಸರ ಸಾಲು, ಅವರ ಉಡುಗೆಯೆಲ್ಲ ಕಪ್ಪಗೆ ಹೊಳೆಯುತ್ತಿತ್ತು. ತಲೆಯ ಮೇಲೆ ಕೊಡ. ನನ್ನ ಕಣ್ಣು ಮೊದಲು ಹೋದದ್ದು ಗಡಿಗೆಯ ಹಿಡಿಕೆಗಳಿಗೆ. ಮೂರಿದ್ದವು. ಎರಡು ಪಕ್ಕಗಳಲ್ಲಿ ಎತ್ತುವುದಕ್ಕೆ, ಹಿಂದೆ ಒಂದು ಬಗ್ಗಿಸಿ ಸುರಿಯುವುದಕ್ಕೆ. ನಮ್ಮ ಹೆಂಗಸರು ಕಂಕುಳಲ್ಲಿ ಕೊಡದ ಕತ್ತು ಹಿಡಿದು ನಡೆಯುತ್ತಾರೆ, ನಮಗೆ ಹಿಡಿಕೆ ಬೇಕಿಲ್ಲ. ಆದರೂ ಮಾಡಿದವನು ನೀರು ಹೊರುವವಳ ಸೊಂಟ ತೋಳು ಎಲ್ಲ ವಿಚಾರಿಸಿ ಮಾಡಿದ್ದಾನೆ ಅನ್ನಿಸಿತು. ಬಾಯಿ ಮಾತ್ರ ಬೇರೆಯೇ ಹೇಳಿತು.

“ಇದೇನ್ ಬಿಡ್ರಿ ಅಕ್ಕೋರ, ಕರೇ ಬಣ್ಣ ಬಳದಾರ.”

“ಬಣ್ಣ ಅಲ್ರಿ ಕಾಕಾ. ಗ್ರೀಕರದು ಇದು. ಬರೇ ಮಣ್ಣು, ಒಂದ ಬೆಂಕಿ. ಎರಡೂವರಿ ಸಾವಿರ ವರ್ಷ ಆತು, ಇನ್ನೂ ಹೋಗಿಲ್ಲ. ಹೆಂಗ ಮಾಡಿದ್ರು ಅನ್ನೋದು ನಮ್ಮ ಪುಸ್ತಕದಾಗ ಇಲ್ಲ.”

ನನ್ನ ಪಕ್ಕದಲ್ಲಿ ಒಬ್ಬ ಆಯಿ ಕೂರುತ್ತಾಳೆ. ಮುರಿದ ಕೊಡೆಯ ಕೆಳಗೆ ಬಿಸಿಲಲ್ಲಿ ಕೂತು ಪಣತಿ, ಮುಚ್ಚಳ, ಸಣ್ಣ ಗಡಿಗೆ ಮಾರುವ ಮುದುಕಿ. ನಮ್ಮ ಅಪ್ಪನ ಕಾಲದಿಂದ ಅವಳ ಕಣ್ಣು ಬೇವಿನ ನೆರಳಿನ ಮೇಲೆ.

“ಒಂದ ಬೆಂಕ್ಯಾಗ ಕೆಂಪೂ ಕರೇನೂ ಅಂದ್ರ ಇವನ ಕೈಲಿ ಎಲ್ಲಿ ಆಕೈತಿ ಅಕ್ಕೋರ?” ಎಂದಳು. “ಇವರಪ್ಪ ಇದ್ದಿದ್ರ ಮಾಡ್ತಿದ್ದ.”

ಅದು ನನಗೆ ನಾಟಿತು. “ಯುಗಾದಿ ಹಿಂದಿನ ಸಂತಿಗೆ ಇಂಥಾ ಗಡಿಗಿ ಮಾಡಿ ಇಲ್ಲೇ ತಂದ ಇಡ್ತೇನಿ. ತರಲಿಲ್ಲಂದ್ರ ಈ ನೆಳ್ಳು ನಿಂದು ಆಯಿ.”

“ಏ, ಎಲ್ಲಾರೂ ಕೇಳಿದ್ರೆಲ್ಲ?” ಎಂದು ಆಯಿ ಇಡೀ ಸಾಲಿಗೆ ಕೇಳುವಂತೆ ಕೂಗಿದಳು. ಎಲ್ಲರೂ ಕೇಳಿದ್ದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಮಣ್ಣು ತುಳಿಯುತ್ತಿದ್ದಳು, ಕಾಲು ನಿಲ್ಲಿಸಲಿಲ್ಲ. “ಈ ವಾರ ನೆಳ್ಳು ಇಟ್ಟ ಬಂದೀರಿ. ಮುಂದಿನ ವಾರ ತಿಗರಿ ಒಯ್ರಿ, ಅದರ ಮುಂದಿನ ವಾರ ನನ್ನ.”

ಗಡಿಗೆ ಸುಡುವ ಗೂಡಿಗೆ ನಾವು ಆವಿಗೆ ಎನ್ನುತ್ತೇವೆ. ನನ್ನದು ಎದೆಮಟ್ಟದ ಗುಂಡು ಮಣ್ಣಿನ ಗೋಡೆ, ಕೆಳಗೆ ಉರಿ ಹಾಕುವ ಬಾಯಿ. ತೊಗರಿ ಕಟ್ಟಿಗೆಯನ್ನು ಬಾಯಿ ತೆರೆದಿಟ್ಟು ಉರಿಸಿದರೆ ಗಡಿಗೆ ಕೆಂಪಾಗುತ್ತದೆ. ಉರಿ ಏರಿದ ಹೊತ್ತಿಗೆ ಒದ್ದೆ ಹೊಟ್ಟು ತುರುಕಿ, ಬಾಯಿಗೂ ನೆತ್ತಿಗೂ ಹಸಿ ಮಣ್ಣು ಮೆತ್ತಿ ಗಾಳಿ ಕಟ್ಟಿದರೆ ಹೊಗೆಯಲ್ಲಿ ಬೆಂದು ಕಪ್ಪಾಗುತ್ತದೆ. ಕೆಂಪು ಬೇಕಾದರೆ ತೆರೆ, ಕಪ್ಪು ಬೇಕಾದರೆ ಮುಚ್ಚು. ಎರಡೂ ಒಂದೇ ಸಲ ಬೇಕೆಂದು ನಮ್ಮನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಮೇಲೆ ಅಪ್ಪನ ಒಂದು ಕಟ್ಟಳೆ ಇತ್ತು: ಮುಚ್ಚಿದ ಆವಿಗೆಯನ್ನು ಪೂರ್ತಿ ಆರುವ ತನಕ ಬೆರಳಲ್ಲೂ ಮುಟ್ಟಬಾರದು. ಬಿಸಿ ಗಡಿಗೆಗೆ ತಣ್ಣನೆ ಗಾಳಿ ತಾಗಿದರೆ ಒಂದೂ ಉಳಿಯುವುದಿಲ್ಲ.

ಮೊದಲ ಸಲ ಗೋಡೆಗೆ ಬಳಿಯುವ ಹುರಮಂಜು ಕೆಮ್ಮಣ್ಣಿನಿಂದ ಗಡಿಗೆಯ ಮೇಲೆ ಗೆರೆ ಎಳೆದು, ಬಾಯಿ ತೆರೆದು ಸುಟ್ಟೆ. ಕೆಂಪಿನ ಮೇಲೆ ಇನ್ನಷ್ಟು ಕೆಂಪು ಕೂತಿತು. ಎರಡನೆಯ ಸಲ ಮುಚ್ಚಿ ಸುಟ್ಟೆ. ಗೆರೆ ಗಡಿಗೆ ಎಲ್ಲ ಸೇರಿ ಇದ್ದಿಲಿನ ಹಾಗೆ ಕಪ್ಪು.

ಅಕ್ಕೋರು ಪ್ರತಿ ಸಂತೆಗೂ ಬರತೊಡಗಿದರು. ತಮ್ಮಿಂದಾಗಿ ನಾನು ನೆರಳು ಕಳೆದುಕೊಳ್ಳುತ್ತೇನೆಂಬ ಅಳುಕು ಅವರಿಗಿತ್ತು. ಬರುವಾಗ ಗ್ರೀಕರದೊಂದು ಸುದ್ದಿ ಓದಿಕೊಂಡು ಬರುವರು. ಚಿತ್ರದ ಹೆಂಗಸರಲ್ಲಿ ಕೆಲವರ ತಲೆಯ ಮೇಲೆ ಕೊಡ ಅಡ್ಡ ಮಲಗಿದೆ, ಕೆಲವರದು ನೆಟ್ಟಗಿದೆ, ಏಕೆ ಎಂದು ಕೇಳಿದರು. ನಾನು ನೋಡಿದ ಕೂಡಲೇ ಹೇಳಿದೆ, ಅಡ್ಡ ಇರುವವರು ನೀರಿಗೆ ಹೋಗುವವರು, ನೆಟ್ಟಗಿರುವವರು ತುಂಬಿಕೊಂಡು ಬರುವವರು. ಅಕ್ಕೋರು ಪುಸ್ತಕದಲ್ಲೂ ಹಾಗೇ ಇದೆಯೆಂದು ಕಣ್ಣರಳಿಸಿದರು. ಅಷ್ಟು ದೂರದ, ಅಷ್ಟು ಹಿಂದಿನ ಒಬ್ಬ ಮನುಷ್ಯ ನನಗೆ ಮಾತು ಮುಟ್ಟಿಸಿದ್ದ, ಅಕ್ಷರದ ಹಂಗಿಲ್ಲದೆ. ಆವತ್ತು ಅವನ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಹೋಗಿ ಗೌರವ ಹುಟ್ಟಿತು.

ಆವಿಗೆಯಲ್ಲಿ ಗಡಿಗೆ ಒಡೆಯುವ ಪುಂಡ ದೆವ್ವಗಳಿವೆ ಎಂದು ಗ್ರೀಕರೂ ನಂಬಿದ್ದರಂತೆ. ಅವನ್ನು ಹೆದರಿಸಲು ಗೂಡಿಗೆ ವಿಕಾರ ಮುಖದ ಬೊಂಬೆ ತೂಗುಹಾಕುತ್ತಿದ್ದರಂತೆ. ನಾನು ಹಳೆಯ ಚಪ್ಪಲಿ ಕಟ್ಟುತ್ತೇನೆ. ಅವರ ಊರು ಅಥೆನ್ಸ್. ಅದನ್ನು ಕಾಯುವ ದೇವಿ ವಿದ್ಯೆಗೂ ದೇವಿ, ಕೈಕೆಲಸಕ್ಕೂ ದೇವಿ. ಇವೆರಡನ್ನು ಅವರು ಬೇರೆ ಮಾಡಲಿಲ್ಲವೆಂದು ಕೇಳಿ, ನಾಲ್ಕನೇ ಇಯತ್ತೆಯವನಿಗೆ ಎಷ್ಟು ಸಮಾಧಾನವಾಯಿತೆಂದು ಹೇಗೆ ಹೇಳಲಿ! ಕುಂಬಾರರು ಗಡಿಗೆಯ ಮೇಲೆ ‘ಇದನ್ನು ಮಾಡಿದವನು ನಾನು’ ಎಂದು ಹೆಸರು ಬರೆಯುತ್ತಿದ್ದರಂತೆ. ಒಬ್ಬನಂತೂ ಪಕ್ಕದ ಬೀದಿಯವನಿಗೆ ಇಂಥದ್ದು ಸಾಧ್ಯವೇ ಇಲ್ಲವೆಂದು ಗಡಿಗೆಯ ಮೇಲೇ ಬರೆದಿದ್ದನಂತೆ.

“ಅವನೂ ಸಂತ್ಯಾಗ ಕುಂತಾಂವನ ಇರಬೇಕು,” ಎಂದಳು ಆಯಿ.

ಅವಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಬೋಕಿಯ ಸುದ್ದಿ. ಊರಿನ ದೊಡ್ಡವನೊಬ್ಬ ಅತಿಯಾಗಿ ಬೆಳೆದು ಊರಿಗೇ ಭಾರವಾದರೆ, ಅಥೆನ್ಸಿನ ಜನ ಒಡೆದ ಗಡಿಗೆಯ ಬೋಕಿ ಚೂರಿನ ಮೇಲೆ ಅವನ ಹೆಸರು ಗೀಚಿ ಹಾಕುತ್ತಿದ್ದರಂತೆ. ಯಾರ ಹೆಸರು ಹೆಚ್ಚೋ ಅವನು ಹತ್ತು ವರ್ಷ ಊರು ಬಿಡಬೇಕು. ನಾವು ಕಸವೆಂದು ಎಸೆಯುವ ಚೂರು ಅಲ್ಲಿ ದೊಡ್ಡವರನ್ನು ಓಡಿಸುತ್ತಿತ್ತು.

“ನಮ್ಮ ಕಡೆ ಅದು ನಡಿಯಂಗಿಲ್ರಿ ಅಕ್ಕೋರ,” ಎಂದಳು ಆಯಿ, “ಬೋಕಿ ಸಾಲಂಗಿಲ್ಲ.” ನಕ್ಕು ಮುಗಿಸಿ, ತನ್ನ ಬುಟ್ಟಿಯಿಂದ ಒಂದು ಚೂರು ತೆಗೆದು ನನ್ನ ಗೋಣಿತಾಟಿನ ಮೇಲಿಟ್ಟಳು. “ಇದು ನನ್ನ ಓಟು. ನೆಳ್ಳು ಬಿಡು.” ಅಲ್ಲಿಂದ ಮುಂದೆ ಪ್ರತಿ ವಾರ ಒಂದೊಂದು ಚೂರು ಇಟ್ಟಳು. ನಾನು ಮುಟ್ಟಲಿಲ್ಲ, ಗಿಡದ ಬೇರಿನ ಹತ್ತಿರ ಸರಿಸಿಟ್ಟೆ.

ಈ ಓಟಿನ ಕಥೆಯನ್ನು ಹೆಂಡತಿಗೂ ಹೇಳಿದೆ. ಅಲ್ಲಿ ಹೆಂಗಸರಿಗೆ ಓಟಿರಲಿಲ್ಲ, ಆಳುಗಳನ್ನು ಕೊಂಡು ದುಡಿಸುತ್ತಿದ್ದರು ಎಂದು ಅಕ್ಕೋರು ಹೇಳಿದ್ದನ್ನೂ ಸೇರಿಸಿದೆ.

“ಹಂಗಾದ್ರ ಗಡಿಗಿ ಚಲೋ, ಊರು ಅಷ್ಟಕ್ಕಷ್ಟ,” ಎಂದು ತೀರ್ಪು ಕೊಟ್ಟಳು.

ಯುಗಾದಿ ಹತ್ತಿರ ಬಂತು. ಇನ್ನು ಒಂದೇ ಆವಿಗೆ ಸುಡುವಷ್ಟು ದಿನ ಉಳಿದಿತ್ತು, ಉಪಾಯ ಮಾತ್ರ ಇರಲಿಲ್ಲ. ಅಂಥ ಒಂದು ಬೆಳಿಗ್ಗೆ ಹಿತ್ತಲಲ್ಲಿ ಕೋಳಿಗೆ ನೀರು ಹಾಕಲು ಹೋದೆ. ಕೋಳಿಗೆ ನೀರಿಡುವುದು ಒಂದು ಕೆಟ್ಟ ಕಪ್ಪು ಗಡಿಗೆಯಲ್ಲಿ. ಅದರ ಮೇಲೆ ಅಂಗೈಯಗಲ ಕೆಂಪು ಮಚ್ಚೆ. ಮೆತ್ತಿದ ಮಣ್ಣು ಸೀಳಿ ಗಾಳಿ ಒಳಗೆ ಹೊಕ್ಕರೆ ಹಾಗಾಗುತ್ತದೆ, ಅಂಥವನ್ನು ನಾವು ಮಾರುವುದಿಲ್ಲ. ನೀರು ಚೆಲ್ಲಿ ಮಚ್ಚೆ ಒದ್ದೆಯಾಯಿತು. ಕೆಂಪಿನ ನಡುವೆ ಮೂರು ಬೆರಳಿನ ಗುರುತು, ಕಪ್ಪಗೆ, ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದವು.

ನಾನು ಅಲ್ಲೇ ಕೂತುಬಿಟ್ಟೆ. ನನ್ನ ಬೆರಳಿಟ್ಟು ನೋಡಿದೆ, ದಪ್ಪವಾಯಿತು. ಹೆಂಡತಿಯನ್ನು ಕರೆದೆ. ಅವಳು ಮೂರು ಬೆರಳಿಟ್ಟಳು. ಅಳತೆ ತೆಗೆದ ಹಾಗೆ ಕೂತವು.

“ನಿನ್ನ ಕೈಗೆ ಏನ್ ಹತ್ತಿತ್ತು ಆವಾಗ?”

“ಏನ್ ಹತ್ತತೈತ್ರಿ? ಬಾನಿಯಾಗ ಕೈ ತೊಳದಿರಬೇಕು.”

ಬಾನಿ ಅಂದರೆ ಅವಳು ಮಣ್ಣು ಸೋಸುವ ಕಲ್ಲಿನ ತೊಟ್ಟಿ. ಕೆಲಸ ಮುಗಿದ ಮೇಲೆ ಬೂದಿ ಹಚ್ಚಿ ಕೈ ತೊಳೆಯುವುದೂ ಅದರಲ್ಲೇ. ಮರಳು ತಳಕ್ಕೆ ಇಳಿದು, ಮೇಲೆ ಹಾಲಿನ ಕೆನೆಯಂಥ ನಯವಾದ ಕೆಸರು ನಿಲ್ಲುತ್ತದೆ. ಒಮ್ಮೆ ಕಪ್ಪಾದ ಗಡಿಗೆಗೆ ಗಾಳಿ ತಾಗಿ ಮೈ ಮತ್ತೆ ಕೆಂಪಾಗಿದೆ, ಬೂದಿ ಬೆರೆತ ಆ ಕೆನೆ ಹತ್ತಿದ ಕಡೆ ಮಾತ್ರ ಮೈ ಗಾಜಿನಂತೆ ಬಿಗಿದು, ಗಾಳಿಗೆ ಒಳಗೆ ಹೋಗಲು ಜಾಗವಿಲ್ಲದೆ ಕಪ್ಪು ಹಾಗೇ ಉಳಿದಿದೆ. ಮೊದಲು ತೆರೆಯಬೇಕು, ಆಮೇಲೆ ಮುಚ್ಚಬೇಕು, ಬಿಸಿ ಇರುವಾಗಲೇ ಮತ್ತೆ ತೆರೆಯಬೇಕು. ಗ್ರೀಕರ ಗುಟ್ಟು ನಮ್ಮ ಹಿತ್ತಲಲ್ಲಿ ಎಷ್ಟೋ ವರ್ಷದಿಂದ ಕೋಳಿಗೆ ನೀರು ಕುಡಿಸುತ್ತಿತ್ತು.

ಒಂಬತ್ತು ಸಣ್ಣ ಗಡಿಗೆ ಮಾಡಿದೆ, ಮೂರು ಮೂರು ಹಿಡಿಕೆ ಇಟ್ಟು. ಚಿತ್ರ ಬರೆದವಳು ಹೆಂಡತಿ, ರಂಗೋಲಿ ಹಾಕುವ ಕೈ. ಬಾನಿಯ ಕೆನೆಯಲ್ಲಿ ಬೆರಳದ್ದಿ ಹೆಂಗಸರ ಸಾಲು ಬಿಡಿಸಿದಳು, ಹೋಗುವವರ ಕೊಡ ಅಡ್ಡ, ಬರುವವರದು ನೆಟ್ಟಗೆ. ಹೆಸರು ಬರೆಯಲು ಕಡ್ಡಿ ಹಿಡಿದ ನಾನು ಕೈ ತಡೆದೆ. ಬುಡದಲ್ಲಿ ಅವಳದೇ ಮೂರು ಬೆರಳು ಒತ್ತಿಸಿದೆ.

ಬೆಳಗಾಗುತ್ತಲೇ ಉರಿ ಹಾಕಿ ಮಧ್ಯಾಹ್ನಕ್ಕೆ ಮುಚ್ಚಿದೆವು. ಸ್ವಲ್ಪ ಹೊತ್ತು ಬಿಟ್ಟು ನಾನು ಕಬ್ಬಿಣದ ಸಲಾಕೆ ತೆಗೆದುಕೊಂಡು ನಿಂತೆ. ಕೈ ಏಳಲಿಲ್ಲ. ಅಪ್ಪ ಪಕ್ಕದಲ್ಲಿ ನಿಂತು ನೋಡುತ್ತಿದ್ದಾನೆ ಅನ್ನಿಸಿತು.

“ಮಾವನವರ ಮಾತ ಮುರಿಯೋದ ಆದ್ರ,” ಎಂದು ಹೆಂಡತಿ ಸಲಾಕೆಗೆ ಕೈ ಹಾಕಿದಳು, “ಇಬ್ಬರೂ ಕೂಡಿ ಮುರಿಯೋಣ್ರಿ.”

ನೆತ್ತಿಯಲ್ಲಿ ಬೆರಳು ಹೋಗುವಷ್ಟು ಒಂದು ತೂತು. ಸ್ವಲ್ಪ ತಡೆದು ಬಾಯಿಯಲ್ಲಿ ಇನ್ನೊಂದು. ಒಳಗೆ ‘ಟಕ್’ ಎಂದಿತು. ಒಂದು ಹೋಯಿತು. ಮತ್ತೆ ಟಕ್. ಆರು ಸಲ ಎಣಿಸಿದೆ, ಆಮೇಲೆ ಸದ್ದು ನಿಂತಿತು. ಮರುದಿನ ಬೂದಿ ಸರಿಸಿದಾಗ ಮೂರು ಗಡಿಗೆ ಉಳಿದಿದ್ದವು. ಎರಡು ಅರೆಬರೆ, ಹೊಗೆ ಕುಡಿದು ಮಂಕಾಗಿದ್ದವು. ಒಂದು ಮಾತ್ರ ಕೆಂಪಗೆ ಎದ್ದು ಬಂತು, ಮೈಮೇಲೆ ಕಪ್ಪು ಹೆಂಗಸರು ಮಿಣಮಿಣ ಹೊಳೆಯುತ್ತ ನೀರಿಗೆ ನಡೆದಿದ್ದರು.

ಯುಗಾದಿ ಹಿಂದಿನ ಸಂತೆಯಲ್ಲಿ ಅದನ್ನು ಬಟ್ಟೆ ಬಿಚ್ಚಿ ಬೇವಿನ ಬುಡದಲ್ಲಿಟ್ಟೆ. ಅಕ್ಕೋರು ಎರಡೂ ಕೈಯಲ್ಲಿ ಎತ್ತಿಕೊಂಡರು. ಸಾಲಿನವರೆಲ್ಲ ಬಂದು ನಿಂತರು. ಆಯಿ ಮಾತ್ರ ಅವಸರ ಮಾಡಲಿಲ್ಲ. ಹೆಬ್ಬೆರಳಿಗೆ ಎಂಜಲು ಹಚ್ಚಿ ತಿಕ್ಕಿದಳು. ಸೆರಗಿನಿಂದ ತಿಕ್ಕಿದಳು. ಕೊನೆಗೆ ಬೇರಿನ ಹತ್ತಿರ ನಾನು ಸರಿಸಿಟ್ಟಿದ್ದ ತನ್ನ ಬೋಕಿ ಚೂರುಗಳಲ್ಲಿ ಒಂದನ್ನು ಆರಿಸಿ, ಒಬ್ಬ ಕಪ್ಪು ಹೆಂಗಸಿನ ಸೊಂಟದ ಮೇಲೆ ಕರಕರ ಎಳೆದಳು. ಹೆಂಗಸು ಅಲುಗಲಿಲ್ಲ.

ಆಯಿ ಗಡಿಗೆ ತಿರುಗಿಸಿ ಬುಡ ನೋಡಿದಳು. ಮೂರು ಬೆರಳು ನೋಡಿದಳು, ನನ್ನ ಕೈ ನೋಡಿದಳು.

“ಇದು ನಿನ್ನ ಕೈ ಅಲ್ಲ ಬಿಡು.”

“ಅಲ್ಲ ಆಯಿ. ಆಕೀದು.”

“ಹಂಗನ್ನು ಮತ್ತ,” ಎಂದು, ತನ್ನ ಚೂರುಗಳನ್ನೆಲ್ಲ ಒಂದೊಂದಾಗಿ ಆರಿಸಿ ಉಡಿಗೆ ಹಾಕಿಕೊಂಡಳು. “ಓಟ ವಾಪಸ್ ತಗೊಂಡೆ.”

ಬಿಸಿಲು ನೆತ್ತಿಗೆ ಬರುತ್ತಿತ್ತು. ಮುರಿದ ಕೊಡೆಯ ನೆರಳು ಅವಳ ಮೊಣಕಾಲಿಗೂ ಸಾಲುತ್ತಿರಲಿಲ್ಲ. ನಾನು ನನ್ನ ಗೋಣಿತಾಟನ್ನು ಗಿಡದ ಆ ಬದಿಗೆ ಎಳೆದುಕೊಂಡು, ಅವಳ ಪಣತಿಯ ಬುಟ್ಟಿಯನ್ನು ಎತ್ತಿ ಈ ಬದಿಗೆ ಇಟ್ಟೆ.

“ಸೋತಾಕೀಗಿ ಯಾಕಪಾ ನೆಳ್ಳು?”

“ಸುಮ್ಮ ಕುಂಡ್ರ ಆಯಿ. ಗಿಡ ದೊಡ್ಡದೈತಿ.”

ಅವಳು ಕೂತಳು. ಕೂತ ಮೇಲೆ ಆ ಗಡಿಗೆಯನ್ನು ನಮ್ಮಿಬ್ಬರ ನಡುವೆ ಎಲ್ಲರಿಗೂ ಕಾಣುವಂತೆ ಇಟ್ಟು, ಹಾದುಹೋಗುವವರನ್ನು ಕೂಗತೊಡಗಿದಳು: “ಬರ್ರಿ, ನೋಡಿ ಹೋಗ್ರಿ, ಒಂದ ಬೆಂಕ್ಯಾಗ ಎರಡ ಬಣ್ಣ! ದೂರಿಂದ ನೋಡ್ರಿ, ಮುಟ್ಟಬ್ಯಾಡ್ರಿ, ಇದು ಮಾರಾಕಲ್ಲ!”