ಎರಡು ಸಲ ಓದಿಸಿದ ದೊಡ್ಡವ್ವ

ದೊಡ್ಡವ್ವನ ಬಲಗೈ ತೋರುಬೆರಳಿನ ತುದಿಯಲ್ಲಿ ಒಂದು ಆಳವಾದ ಗೀರು ಇತ್ತು. ಐವತ್ತು ವರ್ಷ ಮಗ್ಗದ ನೂಲು ಎಳೆದೆಳೆದು ಆದದ್ದು. ಅದರೊಳಗೆ ಗಂಜಿಯ ಬಿಳುಪು ಯಾವಾಗಲೂ ಕೂತಿರುತ್ತಿತ್ತು. ಗ್ರಾಮಸಭೆ ಮುಗಿದ ಮೇಲೆ ಆ ಬೆರಳನ್ನು ನನ್ನ ತೀರ್ಮಾನದ ಪುಸ್ತಕದ ಮೇಲೆ ಒತ್ತಿ, "ಇಲ್ಲಿ ಏನ್ ಬರ್ದೆ, ಓದು ಮಗಾ" ಅನ್ನುತ್ತಿದ್ದಳು. ಓದಿ ಹೇಳುವವರೆಗೆ ಹೆಬ್ಬೆಟ್ಟು ಒತ್ತುತ್ತಿರಲಿಲ್ಲ.

ನಾನು ತಿರುಪ್ಪೂರಿನ ಹತ್ತಿರದ ನಮ್ಮೂರಿನ ಪಂಚಾಯ್ತಿ ಕಾರ್ಯದರ್ಶಿ. ಊರಿನ ಮಾತು ತಮಿಳು, ನಮ್ಮ ನೇಕಾರ ಬೀದಿಯವರ ಮನೆಮಾತು ಮಾತ್ರ ಕನ್ನಡ. ಅವಳು ಅದೇ ಬೀದಿಯಲ್ಲಿ ನಮ್ಮ ಪಕ್ಕದ ಮನೆಯವಳು. ನೆಂಟಸ್ತಿಕೆ ಏನೂ ಇಲ್ಲ, ಆದರೂ ಬೀದಿಗೆಲ್ಲ ದೊಡ್ಡವ್ವ. ನನಗೋ ಮೂಗಿನ ತುದಿಯಲ್ಲೇ ಕೋಪ. ಊಟದ ಹೊತ್ತು ಮೀರಿರುತ್ತದೆ, ಶಾಮಿಯಾನದವನು ಕುರ್ಚಿ ಎತ್ತುತ್ತಿರುತ್ತಾನೆ, ಆಗ ಈ ಮುದುಕಿಗೆ ಪುಟ ಪೂರ್ತಿ ಓದಬೇಕು! "ಇದೇನು ಪುರಾಣವಾ ದೊಡ್ಡವ್ವಾ?" ಎಂದು ಸಿಡುಕಿದರೆ, "ಬಾಯಲ್ಲಿ ಅಂದದ್ದು ಗಾಳಿಗೆ, ಬುಕ್ಕಲ್ಲಿ ಇದ್ದದ್ದು ಊರಿಗೆ. ಓದು" ಅನ್ನುವಳು. ಓದಿದರೆ ಮಡಿಲಿಂದ ಒಂದು ತುಂಡು ಕರುಪಟ್ಟಿ ಬೆಲ್ಲ ತೆಗೆದು ಕೈಗಿಡುವಳು, ನಾನಿನ್ನೂ ಒಂದನೇ ಕ್ಲಾಸಿನಲ್ಲಿದ್ದೇನೋ ಎಂಬಂತೆ.

ನಮ್ಮ ಬೀದಿಯ ಕೊನೆಗೆ ಪಾವಡಿ ಇದೆ. ಬೇವಿನ ಮರಗಳ ಕೆಳಗೆ ಉದ್ದಕ್ಕೂ ನೂಲು ಹಾಸಿ, ಗಂಜಿ ಹಚ್ಚಿ, ಬೆಳಗಿನ ಬಿಸಿಲಿಗೆ ಒಣಗಿಸುವ ಬಯಲು ಅದು. ಕೈಮಗ್ಗ ಉಳಿದದ್ದು ಮೂರೇ ಮನೆಯಲ್ಲಿ. ಆ ಜಾಗದಲ್ಲಿ ಅಂಗಡಿಸಾಲು ಕಟ್ಟಿಸಬೇಕೆಂದು ಅಧ್ಯಕ್ಷರು ಒಂದು ಗ್ರಾಮಸಭೆಯಲ್ಲಿ ತೀರ್ಮಾನ ತಂದರು. ದೊಡ್ಡವ್ವ ಸೆರಗು ಸಿಕ್ಕಿಸಿ ಎದ್ದಳು. "ಮೂರು ಮನೆ ಅಂದ್ರೆ ಮನೆ ಅಲ್ವಾ ಸಾಮಿ? ನೂಲು ಎಲ್ಲಿ ಹಾಸೋದು, ನಿಮ್ಮ ಹಜಾರದಲ್ಲಾ?" ಎಂದು ತಮಿಳಿನಲ್ಲಿ ಕೇಳಿ, ನನ್ನ ಕಡೆ ತಿರುಗಿ "ಬೇಡ ಅಂದೆ, ಬರ್ಕೋ" ಅಂದಳು.

ಅಧ್ಯಕ್ಷರು ನನ್ನ ಕಿವಿಯ ಹತ್ತಿರ ಬಗ್ಗಿ, "ತೀರ್ಮಾನ ಮಾತ್ರ ಬರೆಯಪ್ಪಾ. ಊರವರ ಗೊಣಗಾಟವೆಲ್ಲ ಬರೆದರೆ ಪುಸ್ತಕ ಸಾಲದು" ಎಂದರು. ನನಗೂ ಅದೇ ಸರಿ ಅನ್ನಿಸಿತು. 'ಎಲ್ಲರೂ ಒಪ್ಪಿದರು' ಎಂದು ಬರೆದು ಮುಗಿಸಿದೆ.

ಸಭೆ ಮುಗಿಯಿತು, ಬೆರಳು ಬಂತು. ಓದಿದೆ. ಕೊನೆಗೆ ಬಂದಾಗ ಪುಸ್ತಕದಲ್ಲಿ ಇಲ್ಲದ ಒಂದು ಸಾಲನ್ನು ನಾನೇ ಸೇರಿಸಿದೆ: "ನೇಕಾರ ಬೀದಿಯ ಹಿರಿಯ ಹೆಂಗಸೊಬ್ಬರು ವಿರೋಧ ತಿಳಿಸಿದರು." ಅವಳಿಗೆ ಅಕ್ಷರ ಬಾರದು, ಏನು ಗೊತ್ತಾದೀತು!

"ಇನ್ನೊಂದ್ ಸಲ ಓದು."

ಓದಿದೆ. "ನೇಕಾರ ಬೀದಿಯವರು ಪಾವಡಿ ಬಿಡುವುದಿಲ್ಲ ಎಂದರು."

ಅವಳು ನಗುತ್ತ, ನನ್ನ ತಲೆ ನೇವರಿಸುತ್ತ, ನಮ್ಮ ಮನೆಮಾತಲ್ಲಿ ಮೆಲ್ಲಗೆ ಹೇಳಿದಳು: "ಬರ್ದಿದ್ರೆ ಎರಡ್ ಸಲ ಓದಿದ್ರೂ ಒಂದೇ ಇರ್ತದೆ ಮಗಾ."

ಮೇಜಿನ ಸುತ್ತ ಇದ್ದವರಿಗೆ ಕನ್ನಡ ಬಾರದು. ಮುದುಕಿ ಹರಸುತ್ತಿದ್ದಾಳೆ ಅಂದುಕೊಂಡಿರಬೇಕು. ನಾಲ್ಕು ಜನರೆದುರು ನನ್ನ ಮಾನ ತೆಗೆಯಬಹುದಿತ್ತು, ತೆಗೆಯಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. 'ಎಲ್ಲರೂ' ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ, ಅವಳು ಅಂದದ್ದನ್ನು ಅಂದ ಹಾಗೇ ಕೆಳಗೆ ಬರೆದೆ. ಹಜಾರದ ಮಾತೂ ಬಿಡಲಿಲ್ಲ. ಅಧ್ಯಕ್ಷರು ಕೆಂಡವಾದರು. "ಬೇಡವಾದರೆ ನೀವೇ ಹೊಡೆದು ಸಹಿ ಹಾಕಿ" ಎಂದು ಪೆನ್ನು ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. ದೊಡ್ಡವ್ವ ಹೆಬ್ಬೆಟ್ಟು ಒತ್ತಿದಳು, ಕರುಪಟ್ಟಿಯನ್ನೂ ಕೊಟ್ಟಳು.

ತೀರ್ಮಾನದ ನಕಲು ಮೇಲಿನ ಕಚೇರಿಗೆ ಹೋಯಿತು. ಆ ಸಾಲು ಓದಿಯೇ ಅಲ್ಲಿನ ಅಧಿಕಾರಿ ಒಂದು ಬೆಳಿಗ್ಗೆ ಪಾವಡಿ ನೋಡಲು ಬಂದರು. ಮೂರು ಮನೆಯ ನೂಲೂ ಹಾಸಿತ್ತು. ದೊಡ್ಡವ್ವ ಕುಂಚ ಹಿಡಿದು ಗಂಜಿ ಹಚ್ಚುತ್ತಿದ್ದಳು, ತಲೆಯೆತ್ತಿ ನೋಡಲೂ ಇಲ್ಲ. ಅಂಗಡಿಸಾಲು ಬಸ್ ಸ್ಟಾಪಿನ ಹತ್ತಿರಕ್ಕೆ ಹೋಯಿತು.

ಹೋದ ವರ್ಷ ಅವಳು ತೀರಿಕೊಂಡಳು. ಮುಂದಿನ ಗ್ರಾಮಸಭೆಯಲ್ಲಿ ನಾನು ಸಂತಾಪದ ಮಾತೆತ್ತಿದೆ. "ಅದೆಲ್ಲ ದೊಡ್ಡವರಿಗೆ. ಸತ್ತವರ ಹೆಸರೆಲ್ಲ ತೀರ್ಮಾನದ ಪುಸ್ತಕಕ್ಕೆ ಹಾಕೋಕಾಗತ್ತಾ?" ಎಂದರು ಅಧ್ಯಕ್ಷರು. ನಾನು ಜಗಳಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸಾಲಲ್ಲಿ ಮೂರು ಮನೆಯವರು ಎದ್ದು ನಿಂತರು. ಆಮೇಲೆ ಬೀದಿಯವರು, ಬನಿಯನ್ ಕಂಪನಿಯ ಹುಡುಗಿಯರು, ಒಬ್ಬೊಬ್ಬರಾಗಿ ಪೂರ್ತಿ ಶಾಮಿಯಾನ. ಕೊನೆಗೆ ಅಧ್ಯಕ್ಷರೂ ಕುರ್ಚಿ ಹಿಂದೆ ಸರಿಸಿ ಎದ್ದರು.

'ಎಲ್ಲರೂ ಎದ್ದು ನಿಂತರು' ಎಂದು ಬರೆದೆ. ಕಣ್ಣು ಮಂಜಾಗಿತ್ತು. ಯಾರೂ ಕೇಳದಿದ್ದರೂ ಜೋರಾಗಿ ಓದಿದೆ. ಆಮೇಲೆ ಇನ್ನೊಂದು ಸಲ ಓದಿದೆ. ಒಂದೇ ಇತ್ತು.