ಎಡಗಡೆಯ ಸೀಟಿನ ಸದ್ದು

ಸದ್ದು ಕೇಳದೆ ಸ್ಪ್ಯಾನರ್ ಮುಟ್ಟಬಾರದು ಎಂಬುದು ಮೇಸ್ತ್ರಿಯವರ ಕಟ್ಟುನಿಟ್ಟು. ಕಾರುಗಳ ಸ್ಟೀರಿಂಗ್ ಮತ್ತು ಅದರ ಕೆಳಗಿನ ಕೀಲುಗಳ ಕೆಲಸವೊಂದನ್ನೇ ಮೂವತ್ತೊಂದು ವರ್ಷ ಮಾಡಿದ್ದ ಅವರು, ತಗಡಿನ ಹಲಗೆಯೊಂದರ ಮೇಲೆ ಸ್ವಹಸ್ತದಿಂದ ಹೀಗೆ ಬರೆದು ಶೆಡ್ಡಿನ ಗೋಡೆಗೆ ತೂಗುಹಾಕಿದ್ದರು: 'ನಮ್ಮ ಕಿವಿಗೆ ಕೇಳದ ಸದ್ದಿಗೆ ಬಿಡಿಭಾಗ ಬದಲಿಸುವುದಿಲ್ಲ.' ಶೆಡ್ಡಿನಲ್ಲಿ ಅರ್ಧ ಪಾಲುದಾರನಾದ ಹೆಂಡತಿಯ ತಮ್ಮ ಸರಿಯಾಗಿ ಆ ಹಲಗೆ ಮುಚ್ಚುವಂತೆ ಒಂದು ಹಳೆಯ ಟೈರನ್ನು ನೇತುಹಾಕಿ ನಾಲ್ಕು ತಿಂಗಳಾಗಿತ್ತು. ಬೇರೆ ಮೊಳೆ ಇರಲಿಲ್ಲವೆಂಬುದು ಅವನ ಸಮಜಾಯಿಷಿ. ಆ ಗೋಡೆಯಲ್ಲಿ ಒಟ್ಟು ಹದಿನೇಳು ಮೊಳೆಗಳಿದ್ದವು. ಅವುಗಳಲ್ಲಿ ಹನ್ನೊಂದು ಖಾಲಿ.

ಮೇಸ್ತ್ರಿಯವರ ತಾಳ್ಮೆ ಕೆಡಿಸುತ್ತಿದ್ದುದು ಸದ್ದುಗಳಲ್ಲ, ಸದ್ದನ್ನು ವರ್ಣಿಸುವ ಮಂದಿ. ಒಬ್ಬರು ನಾಲಿಗೆ ಲೊಚಗುಟ್ಟಿ ತೋರಿಸುವರು, ಇನ್ನೊಬ್ಬರು ಮೇಜು ಕುಟ್ಟುವರು. ಯಾವಾಗ ಬರುತ್ತದೆ, ನಿಂತಾಗಲೋ ಓಡುವಾಗಲೋ, ಎಡಕ್ಕೋ ಬಲಕ್ಕೋ ಎಂಬ ಮೂರು ಸರಳ ಪ್ರಶ್ನೆಗಳಿಗೆ ನೆಟ್ಟಗೆ ಉತ್ತರಿಸಿದವರನ್ನು ಅವರು ಬೆರಳಲ್ಲಿ ಎಣಿಸಬಲ್ಲವರಾಗಿದ್ದರು.

ಔಷಧಿ ಅಂಗಡಿಯವರು ಅವರಲ್ಲೊಬ್ಬರಲ್ಲ. ಅವರ ಬಿಳಿ ಕಾರು ಈಗಾಗಲೇ ಮೂರು ಗ್ಯಾರೇಜು ಸುತ್ತಿ ಬಂದಿತ್ತು. ಮೂರರಲ್ಲಿಯೂ ಅದನ್ನು ಜಾಕಿನ ಮೇಲೆ ಎತ್ತಿ, ಚಕ್ರ ಅಲ್ಲಾಡಿಸಿ, ಏನೂ ಕಾಣದೆ, ಬರಿಗೈಯಲ್ಲಿ ಕಳಿಸಬಾರದೆಂದು ಒಂದೊಂದು ಭಾಗ ಬದಲಿಸಿದ್ದರು. ಮೇಸ್ತ್ರಿಯವರ ಬಳಿಗೂ ಅದು ಎರಡು ಸಲ ಬಂದಿತ್ತು. ಎರಡು ಸಲವೂ ಅವರೊಬ್ಬರೇ ಹನ್ನೊಂದು ಕಿಲೋಮೀಟರು ಓಡಿಸಿ, ಸದ್ದಿಲ್ಲ ಎಂದು ಹಿಂದಕ್ಕೆ ಕೊಟ್ಟಿದ್ದರು. ಮೂರನೆಯ ಸಲ ಅದು ಗೇಟು ದಾಟುವಷ್ಟರಲ್ಲಿ ಭಾವಮೈದುನ ಚಕ್ರಗಳನ್ನು ತಿರುಗಿಸುವ ಹೊಸ ಸ್ಟೀರಿಂಗ್ ರ‍್ಯಾಕಿನ ಉದ್ದನೆಯ ಡಬ್ಬವನ್ನು ತರಿಸಿ ಗೋಡೆಗೆ ಒರಗಿಸಿದ್ದ.

"ಭಾವ, ಸಂಜೆಯೊಳಗೆ ನಿಮ್ಮ ಕಿವಿಗೆ ಕೇಳಿಸಿದ್ರೆ ಸರಿ," ಎಂದ. "ಇಲ್ಲಾಂದ್ರೆ ಇದನ್ನ ಹಾಕೇ ಹಾಕ್ತೀನಿ. ಆಮೇಲೆ ಆ ಬೋರ್ಡನ್ನ ಮನೆಗೆ ತಗೊಂಡು ಹೋಗಿ, ಅಕ್ಕನಿಗೆ ಓದಿ ಹೇಳಿ."

ಕಾರಿನ ರ‍್ಯಾಕನ್ನು ಮೇಸ್ತ್ರಿಯವರು ಎರಡು ಸಲ ಪರೀಕ್ಷಿಸಿದ್ದರು, ಕೂದಲೆಳೆಯಷ್ಟೂ ಸಡಿಲವಿರಲಿಲ್ಲ. ಗಟ್ಟಿಮುಟ್ಟಾದ ಭಾಗವನ್ನು ಕಿತ್ತು ಗುಜರಿಗೆ ಎಸೆಯುವ ಕೆಲಸಕ್ಕೆ ಈ ವಯಸ್ಸಿನಲ್ಲಿ ಇಳಿಯಬೇಕೆ? ಹಾಗೆ ಇಳಿದರೆ ಕಳೆದ ಮೂವತ್ತೊಂದು ವರ್ಷಕ್ಕೆ ಏನು ಅರ್ಥ?

"ಸದ್ದು ಯಾವಾಗ ಬರುತ್ತೆ?" ಎಂದು ಔಷಧಿ ಅಂಗಡಿಯವರನ್ನು ಮೂರನೆಯ ಬಾರಿ ಕೇಳಿದರು.

"ಯಾವಾಗಲೂ ಬರುತ್ತೆ."

"ಈಗ ಬರ್ತಿಲ್ಲವಲ್ಲ?"

"ಈಗೊಂದು ಬಿಟ್ಟು ಯಾವಾಗಲೂ."

ಮೇಸ್ತ್ರಿಯವರು ಹಲ್ಲು ಕಚ್ಚಿಕೊಂಡು, ನೀವೇ ಓಡಿಸಿ ಎಂದು ಮೊದಲ ಬಾರಿಗೆ ಎಡಗಡೆಯ ಸೀಟಿನಲ್ಲಿ ಕುಳಿತರು. ಸೀಟನ್ನು ಕೊನೆಯವರೆಗೂ ಹಿಂದೆ ತಳ್ಳಲಾಗಿತ್ತು. ಅದರ ಮೆತ್ತೆ ಚಪ್ಪಟೆಯಾಗಿತ್ತು. ನಲವತ್ತೊಂಬತ್ತು ಕೆಜಿಯ ಅವರು ಅದರೊಳಗೆ ಹುದುಗಿಯೇ ಹೋದರು. ಇಲ್ಲಿ ದಿನಾ ಯಾರು ಕೂರುತ್ತಾರೆಂದು ವಿಚಾರಿಸಿದರೆ, ನನ್ನಕ್ಕ ಎಂದರು ಔಷಧಿ ಅಂಗಡಿಯವರು. ಮಂಡಿಯ ಚಿಕಿತ್ಸೆಗೆ ವಾರಕ್ಕೆ ಮೂರು ದಿನ ಕರೆದೊಯ್ಯಬೇಕಂತೆ. ಸದ್ದು ಮೊದಲು ಕೇಳಿಸಿದ್ದೂ ಆಕೆಗೇ ಅಂತೆ.

"ಇಷ್ಟು ಸಲ ಬಂದ್ರಿ, ಒಂದ್ಸಲಾನೂ ಅವರನ್ನ ಕರ್ಕೊಂಡು ಬರ್ಲಿಲ್ವಲ್ಲ?"

"ಅವಳು ಗ್ಯಾರೇಜಿನವರಿಗೆ ಬೈತಾಳೆ. ನಿಮಗ್ಯಾಕೆ ತೊಂದರೆ ಅಂತ ಮನೇಲೇ ಬಿಟ್ಟು ಬರ್ತಿದ್ದೆ."

ಈ ಉಪಕಾರಬುದ್ಧಿಗೆ ಮೇಸ್ತ್ರಿಯವರು ಹಣೆ ಒತ್ತಿಕೊಂಡರು. ಅಕ್ಕನವರನ್ನು ಕರೆತರಲು ಹೇಳಿದರು.

ಇಪ್ಪತ್ತೈದು ನಿಮಿಷದ ನಂತರ ಅಕ್ಕ ಅದೇ ಸೀಟಿನಲ್ಲಿ ಕುಳಿತು ಬಂದರು. ಒಬ್ಬ ಹೆಂಗಸನ್ನು ಯಾಕೆ ಬರಹೇಳಿದೆನೆಂದು ಮರ್ಯಾದೆಯಾಗಿ ವಿವರಿಸುವ ಬಗೆ ಹೊಳೆಯದೆ ಮೇಸ್ತ್ರಿಯವರು ತಡವರಿಸುತ್ತಿರುವಾಗ, ಆಕೆಯೇ ಕಿಟಕಿಯಿಂದ ತಲೆ ಹೊರಹಾಕಿದರು.

"ನನ್ನ ಭಾರ ಬೇಕು ತಾನೆ? ತೊಂಬತ್ತೆರಡು ಕೆಜಿ. ಬರ್ಕೊಳ್ಳಿ. ಆರು ತಿಂಗಳಿಂದ ಬಡ್ಕೋತಿದೀನಿ, ಇವನು ನನ್ನ ಕಿವಿಯೇ ಸರಿಯಿಲ್ಲ ಅಂತಾನೆ."

ಕಾರನ್ನು ಎತ್ತಲಿಲ್ಲ, ನೆಲದ ಮೇಲೆಯೇ ಬಿಟ್ಟರು. ಔಷಧಿ ಅಂಗಡಿಯವರು ಸ್ಟೀರಿಂಗ್ ಹಿಡಿದರು. ಮೇಸ್ತ್ರಿಯವರು ಎಡ ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಚಕ್ರದ ಮೇಲುಗಡೆಯಿಂದ ಕೈ ತೂರಿಸಿ, ಕಾರಿನ ಭಾರ ಹೊರುವ ದಪ್ಪ ಸ್ಪ್ರಿಂಗಿನ ಮೇಲೆ ಬೆರಳಿಟ್ಟರು. ನಿಧಾನವಾಗಿ ಬಲಕ್ಕೆ ತಿರುಗಿಸಿ ಎಂದರು. ಅರ್ಧ ಸುತ್ತಿನವರೆಗೆ ಏನೂ ಇಲ್ಲ. ಆಮೇಲೆ ಸ್ಪ್ರಿಂಗು ಬೆರಳಡಿಯಲ್ಲಿ ಬಿಗಿದು, ತಡೆದು, ಒಮ್ಮೆಲೇ ಜಿಗಿಯಿತು. 'ಟಂಯ್' ಎಂಬ ಸದ್ದು ಶೆಡ್ಡಿನ ಆಚೆ ತುದಿಗೂ ಕೇಳಿಸಿತು.

"ಇದೇ," ಎಂದರು ಅಕ್ಕ, ಆಸ್ತಿಯ ಮೊಕದ್ದಮೆ ಗೆದ್ದವರಂತೆ.

ಮೇಸ್ತ್ರಿಯವರು ಭಾವಮೈದುನನ ಮಣಿಕಟ್ಟು ಹಿಡಿದು ಅವನ ಬೆರಳನ್ನೂ ಅಲ್ಲೇ ಇರಿಸಿದರು. ಮತ್ತೊಂದು ಸುತ್ತು, ಅವನು ಬೆಚ್ಚಿ ಕೈ ಎಳೆದುಕೊಂಡ. ಸ್ಪ್ರಿಂಗಿನ ನೆತ್ತಿಯಲ್ಲಿ, ಅದು ಚಕ್ರದೊಡನೆ ಸಲೀಸಾಗಿ ತಿರುಗಲೆಂದು, ಅಂಗೈಯಗಲದ ಒಂದು ಬೇರಿಂಗ್ ಇರುತ್ತದೆ. ಅದಕ್ಕೆ ತುಕ್ಕು ಹಿಡಿದಿತ್ತು. ಭಾರ ಬಿದ್ದಾಗ ಸ್ಪ್ರಿಂಗು ಅಲ್ಲೇ ಕಚ್ಚಿಕೊಂಡು ತಿರುಚಿ, ಕೊನೆಗೆ ಬಿಟ್ಟುಕೊಳ್ಳುತ್ತಿತ್ತು. ಕಾರನ್ನು ಎತ್ತಿದೊಡನೆ ಭಾರ ಇಳಿದು ಸದ್ದು ಮಾಯ. ಅಕ್ಕನನ್ನು ಮನೆಯಲ್ಲಿ ಬಿಟ್ಟರೂ ಅಷ್ಟೇ.

ಎರಡೂ ಬದಿಯ ಬೇರಿಂಗ್ ಬದಲಿಸಲು ಮೂರು ಗಂಟೆ ಹತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಅಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಹಿಂದಿನ ಮೂರು ಗ್ಯಾರೇಜುಗಳಿಗೂ ತಮ್ಮನಿಗೂ ಸಮಪಾಲಾಗಿ ಬೈದರು. ಮೇಸ್ತ್ರಿಯವರಿಗೆ ಒಂದು ಮಾತೂ ಬೀಳಲಿಲ್ಲ. ಕೊನೆಗೆ ಆಕೆಯನ್ನು ಕೂರಿಸಿಕೊಂಡು ಎಡಕ್ಕೂ ಬಲಕ್ಕೂ ಹನ್ನೆರಡು ಸಲ ಪೂರ್ತಿ ತಿರುಗಿಸಿದಾಗ ಕೇಳಿಸಿದ್ದು ಎಂಜಿನ್ನು ಮಾತ್ರ. ರ‍್ಯಾಕಿನ ಡಬ್ಬ ಬಿಚ್ಚದೆಯೇ ಬಿಡಿಭಾಗದ ಅಂಗಡಿಗೆ ಮರಳಿತು.

ಮರುದಿನ ಬೆಳಿಗ್ಗೆ ಟೈರು ಪಕ್ಕದ ಮೊಳೆಯಲ್ಲಿತ್ತು. ಹಲಗೆಯ ಕೆಳಗೆ ಭಾವಮೈದುನನ ಸೊಟ್ಟ ಅಕ್ಷರದಲ್ಲಿ ಸೀಮೆಸುಣ್ಣದ ಹೊಸ ಸಾಲೊಂದು ಕಾಣಿಸಿತು: 'ಕಾರಿನಲ್ಲಿ ದಿನಾ ಕೂರುವವರೆಲ್ಲರೂ ಬರತಕ್ಕದ್ದು.'

ಅದರ ಫಲ ಸೋಮವಾರ ಗೊತ್ತಾಯಿತು. ಸಣ್ಣದೊಂದು ಕಾರಿನಿಂದ ತಾತ, ಅಜ್ಜಿ, ಗಂಡ, ಹೆಂಡತಿ, ನಾದಿನಿ ಹಾಗೂ ತೊಡೆಯ ಮೇಲಿನ ಕೂಸು, ಒಟ್ಟು ಆರು ಮಂದಿ ಇಳಿದು, ಸದ್ದು ಎಂಥದೆಂದು ಒಟ್ಟಿಗೇ ವರ್ಣಿಸತೊಡಗಿದರು. ಒಬ್ಬರದು ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ. ಮೇಸ್ತ್ರಿಯವರು ಭಾವಮೈದುನನನ್ನು ಒಮ್ಮೆ ದುರುಗುಟ್ಟಿ ನೋಡಿ, ಎಲ್ಲರನ್ನೂ ಮತ್ತೆ ಅವರವರ ಜಾಗದಲ್ಲೇ ಕೂರಿಸಿ, ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತರು.