ಎರಡೆಲೆ

"ಎರಡೆಲೆ ಸರಿಯಾಗಿ ಹಿಡ್ಕಳಿ." ಹೊನ್ನಾವರದ ಆಸ್ಪತ್ರೆಯಲ್ಲಿ ನನ್ನ ಹೆಂಡತಿ ಕೊನೆಗೆ ಹೇಳಿದ್ದು ಇಷ್ಟೇ. ಕವಳದ ಆಸೆಯಾಗಿದೆ ಅಂದುಕೊಂಡು ವೀಳ್ಯದೆಲೆ ತರಲು ಓಡಿದೆ. ಬರುವಷ್ಟರಲ್ಲಿ ಮಾತು ನಿಂತಿತ್ತು.

ಮೊನ್ನೆ ಭಟ್ಕಳದಿಂದ ಕುಮಟೆಗೆ ಬರುವಾಗ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಪಕ್ಕದಲ್ಲಿ ಬಾಡ ಊರಿನ ಮೀನು ಮಾರುವ ಹೆಂಗಸು, ಮಡಿಲಲ್ಲಿ ಖಾಲಿ ಬುಟ್ಟಿ. ಹೊತ್ತು ಹೋಗಲೆಂದು ಅಂಗಿ ಜೇಬಿನಿಂದ ಇಸ್ಪೀಟಿನ ನಾಲ್ಕು ರಾಣಿ ತೆಗೆದೆ. ಬೇರೆ ಆಟಕ್ಕೆ ಇಡೀ ಕಟ್ಟು ಬೇಕು, ಇದಕ್ಕೆ ನಾಲ್ಕೇ ಸಾಕು. ಹೆಂಡತಿ ಕೇಳುತ್ತಿದ್ದದ್ದೂ ಇದನ್ನೇ. ನಾಲ್ಕು ಎಣಿಸಿ ತೋರಿಸಬೇಕು, ಮತ್ತೆ ಎಣಿಸಿದರೆ ಮೂರೇ ಇರಬೇಕು. ಪ್ರತಿ ಸಲವೂ ಅವಳು ಬಾಯಿ ಮೇಲೆ ಕೈ ಇಟ್ಟು, "ಅಯ್ಯೋ, ಆಟೀನು ರಾಣಿ ಎಲ್ಲಿ ಹೋತು?" ಅನ್ನುತ್ತಿದ್ದಳು.

ಅದನ್ನೇ ಮಾಡಿ ತೋರಿಸಿದಾಗ ಮೀನಿನ ಹೆಂಗಸು ನಕ್ಕಳು. "ಎರಡೆಲೆ ಒಟ್ಟಿಗೆ ಹಿಡಿದೀರಲ್ಲ ಅಣ್ಣಾ, ಅಂಚು ಕಾಣ್ತದೆ."

"ನನ್ನ ಹೆಂಡ್ತಿಗೆ ಒಂದಿನಾನೂ ಕಾಣಲಿಲ್ಲ," ಅಂದೆ.

"ಕಾಣದೆ ಎಂತ? ನನ್ನ ಗಂಡ ರಾಗ ತಪ್ಪಿ ಪದ ಹೇಳಿದ್ರೂ ನಾನು ತಲೆ ಆಡಿಸ್ತೆ."

ಕೈಯಲ್ಲಿದ್ದ ರಾಣಿಗಳನ್ನು ನೋಡಿದೆ. ಇಸ್ಪೀಟಿಗೂ ನಾವು ಎಲೆ ಅಂತಲೇ ಹೇಳುವುದು. ಆಸ್ಪತ್ರೆಯಲ್ಲೂ ಅವತ್ತು ಹೆಂಡತಿಗೆ ಈ ಆಟ ತೋರಿಸಿದ್ದೆ. ಅವಳು ಕೇಳಿದ್ದು ಕವಳ ಅಲ್ಲ.

ಮಾರನೆ ಬೆಳಿಗ್ಗೆ ಅವಳ ಕನ್ನಡಿ ಮುಂದೆ ನಿಂತು, ಎರಡೆಲೆ ಸರಿಯಾಗಿ ಹಿಡಿದು ಆಟ ಮಾಡಿದೆ. ಅಂಚು ಕಾಣಲಿಲ್ಲ. ಆಮೇಲೆ ಇನ್ನೊಂದು ಸಲ ಹಳೆಯ ಹಾಗೆ ಸಡಿಲ ಹಿಡಿದು ಮಾಡಿ, ನಾನೇ ಬಾಯಿ ಮೇಲೆ ಕೈ ಇಟ್ಟೆ.